ಗುರುವಾರದ ನೀರು

ಮತ್ತೊಂದು ಹನಿ, ಎ.ಸಿ.ಯಿಂದ ನೀಲಿ ಬಕೆಟ್ಟಿಗೆ, ಅದರ ಹಿಂದೆಯೇ ಇನ್ನೊಂದು, ಎಣಿಸಕೂಡದು, ಎಣಿಸಿದರೆ ನಿದ್ದೆ ಬರುತ್ತದೆ, ಹೋದ ಗುರುವಾರ ಬಂದದ್ದು ಹೀಗೆಯೇ — ಇಂದು ಕಣ್ಣು ಮುಚ್ಚುವಂತಿಲ್ಲ, ಗಂಟೆ ಮೂರಾಗುತ್ತ ಬಂತು, ಮೂರೂವರೆಗೆ ಫೋನು, ನಾಲ್ಕಕ್ಕೆ ಕಂಪನಿಯ ವ್ಯಾನು, ಅಲ್ಲಿಯತನಕ ಈ ಕೊಲ್ಲಿ ದೇಶದ ಗುದೈಬಿಯಾದಲ್ಲಿ, ಮೂರನೆಯ ಮಾಳಿಗೆಯ ಕೋಣೆಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ದುಡಿಸಬಾರದೆಂಬ ಸರಕಾರದ ನಿಯಮದ ಕೃಪೆಯಿಂದ, ಅಂಗಾತ ಬಿದ್ದುಕೊಂಡಿದ್ದೇನೆ, ಎದುರಿನ ಮಂಚದಲ್ಲಿ ಉಳ್ಳಾಲದ ಅಝೀಝ್, ಅವನೂ ನನ್ನಂತೆಯೇ ತೋಟದ ಕೆಲಸದವನು, ಮೊಬೈಲಿನಿಂದ ಕಣ್ಣೆತ್ತದೆ ಕೇಳುತ್ತಾನೆ, ಎಂತ ರಾಫೆಲಣ್ಣ, ಇವತ್ತು ಗುರುವಾರ ಅಲ್ವಾ, ಸ್ಪೇನಿನ ಅಜ್ಜಿಯ ತೋಟಕ್ಕೆ ನೀರು ಬಿಡ್ಲಿಕ್ಕಿಲ್ವಾ, ಬಿಡ್ಲಿಕ್ಕುಂಟು ಎನ್ನುತ್ತೇನೆ, ಇಲ್ಲಿ ಬಾತ್‌ರೂಮಲ್ಲಿ ನೀರು ನಿಂತು ಎರಡು ಗಂಟೆ ಆಯ್ತು ಮಾರಾಯ್ರೆ, ನೀವು ಕೂತಲ್ಲಿಂದ ಸ್ಪೇನಿಗೆ ಬಿಡ್ತೀರಿ, ಒಂದು ಬಕೆಟ್ ಈ ಕಡೆಗೂ ತಿರುಗಿಸಬಾರ್ದಾ — ನಗು ಬರುವುದಿಲ್ಲ, ಅವನಿಗೆ ಬೆಳಗಿನ ಸಂದೇಶದ ವಿಷಯ ಹೇಳಿಲ್ಲ, ಹೆದ್ದಾರಿಯ ತಿರುವಿನ ವಿಷಯ, ಆ ಚಪ್ಪಲಿಗಳ ವಿಷಯ, ಬೇಡ, ಚಪ್ಪಲಿಗಳ ಯೋಚನೆ ಈಗ ಬೇಡ.

ಸ್ಪೇನಿನ ಆ ಬೆಟ್ಟದೂರಿಗೆ ಹನ್ನೊಂದು ಗಂಟೆಗೆ ರೊಟ್ಟಿಯ ವ್ಯಾನು ಬರುತ್ತಿತ್ತು, ಕೆಳಗಿನ ಪೇಟೆಯಿಂದ, ಬೆಟ್ಟದ ಏಳು ತಿರುವುಗಳಲ್ಲಿಯೂ ಹಾರನ್ ಹೊಡೆಯುತ್ತ, ಹಾಗಾಗಿ ಊರಿನ ಹೆಂಗಸರು ಆರನೆಯ ತಿರುವಿನತನಕ ಮಾತು ಮುಗಿಸದೆ ನಿಂತು ಏಳನೆಯದಕ್ಕೆ ಸರಿಯಾಗಿ ಚೀಲ ಹಿಡಿದು ಕಾರಂಜಿಯ ಕಲ್ಲುತೊಟ್ಟಿಯ ಬಳಿ ಸೇರುತ್ತಿದ್ದರು, ಚಳಿಗಾಲದಲ್ಲಿ ಹದಿನಾಲ್ಕೇ ಜನರಿದ್ದ ಊರು, ಆಗಸ್ಟಿನಲ್ಲಿ ಮೊಮ್ಮಕ್ಕಳೂ ಸೈಕಲ್ಲುಗಳೂ ಬಂದು ನೂರು ದಾಟುತ್ತಿತ್ತು, ನಾನು ಅಲ್ಲಿ ಮೂರು ಬೇಸಗೆ ಕಳೆದೆ, ಹಡಗಿನ ಅಡುಗೆಮನೆಯಿಂದ ಇಳಿದವನು, ಕಾಲಿಗೆ ಚಕ್ರ ಕಟ್ಟಿಕೊಂಡವನೆಂದು ನಮ್ಮೂರು ಶಿರ್ವದಲ್ಲಿ ಅಮ್ಮ ಹೇಳುತ್ತಿದ್ದವನು, ಸೊಂಟ ಮುರಿದು ಒಳಗೆ ಲೋಹದ ತುಂಡು ಹಾಕಿಸಿಕೊಂಡ ಬೆನಿಲ್ದೆ ಎಂಬ ವಿಧವೆಯನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತೆ, ಆಕೆಗೆ ಆಗ ಎಂಬತ್ತೆರಡು, ಗಂಡ ಬಿಟ್ಟುಹೋದ ಆಸ್ತಿಯೆಂದರೆ ಒಂದು ಕಲ್ಲಿನ ಮನೆ, ಕೆಳಗೆ ಒಂದು ತುಂಡು ತರಕಾರಿ ತೋಟ, ಮತ್ತು ಕುದುರೆ ಸವಾರರು ಒಬ್ಬರನ್ನೊಬ್ಬರು ಗುಂಡು ಹೊಡೆದು ಬೀಳಿಸುವ ಹಳದಿ ಪುಟಗಳ ಕಾದಂಬರಿಗಳ ಒಂದು ಪೆಟ್ಟಿಗೆ, ನಾನು ಆ ಭಾಷೆ ಕಲಿತದ್ದು ಆ ಪೆಟ್ಟಿಗೆಯಿಂದಲೇ, ಮೊದಲ ತಿಂಗಳು ವ್ಯಾನಿನವನಿಗೆ ಏನು ಹೇಳಿದ್ದೆ, ಅಪರಿಚಿತನೇ, ಎರಡು ರೊಟ್ಟಿಗಳನ್ನು ನಿಧಾನವಾಗಿ ಮೇಜಿನ ಮೇಲಿಡು, ಕೈಗಳು ನನಗೆ ಕಾಣುವಂತಿರಲಿ — ಅವನು ಕೈ ಮೇಲೆತ್ತಿ ನಿಂತ, ಬೆನಿಲ್ದೆ ಬಾಗಿಲ ಮಣಿಪರದೆಯ ಹಿಂದೆ ನಕ್ಕೂ ನಕ್ಕೂ ಸೊಂಟ ಹಿಡಿದುಕೊಂಡಳು, ಅಯ್ಯೋ ರಾಫಾ, ಇನ್ನೊಮ್ಮೆ ಮುರಿಸುತ್ತೀಯಾ ಏನು.

ಎರಡರಿಂದ ಐದರವರೆಗೆ ಊರು ಸತ್ತಂತೆ ಮಲಗುತ್ತದೆ, ಕಿಟಕಿಯ ಮರದ ಬಾಗಿಲುಗಳೆಲ್ಲ ಮುಚ್ಚಿ, ನಾಯಿಗಳೂ ಗಾಡಿಯ ನೆರಳಿನಲ್ಲಿ ಮಲಗಿ, ಕೊಯ್ದ ಹುಲ್ಲಿನ ವಾಸನೆಯೊಂದೇ ಬೀದಿಯಲ್ಲಿ ಎದ್ದು ತಿರುಗುತ್ತದೆ, ಸಂಜೆ ಮತ್ತೆ ಪ್ರತಿ ಮನೆಯಿಂದಲೂ ಕುರ್ಚಿಗಳು ಹೊರಗೆ ಬರುತ್ತವೆ, ಗೋಡೆಗೆ ಬೆನ್ನು ಮಾಡಿ ಸಾಲಾಗಿ ಕುಳಿತು ತಂಪು ಸೇವಿಸುವುದು, ಅವರು ಅದನ್ನು ಹಾಗೆಯೇ ಹೇಳುವುದು, ತಂಪನ್ನು ತೆಗೆದುಕೊಳ್ಳುವುದು ಎಂದು, ಔಷಧದ ಹಾಗೆ, ಆಗಸ್ಟಿನಲ್ಲೂ ರಾತ್ರಿಗೆ ಕಂಬಳಿ ಬೇಕು, ಇಲ್ಲಿ ಈ ಗೋಡೆಯನ್ನು ಮುಟ್ಟಿದರೆ ಅಂಗೈ ಸುಡುತ್ತದೆ — ಗಂಟೆ ಮೂರೂ ಹತ್ತು. ನಾನು ಕೆಲಸ ಮಾಡುವ ಬುಸೈತೀನಿನ ವಿಲ್ಲಾದ ಹುಲ್ಲಿಗೆ ನೀರು ಬಿಡುವುದು ಟೈಮರು, ನಾನಲ್ಲ, ನಾನು ಉಪ್ಪು ಕಟ್ಟಿದ ಪೈಪಿನ ತೂತುಗಳನ್ನು ಸೂಜಿಯಿಂದ ಬಿಡಿಸುವವನು ಮಾತ್ರ, ಬೆನಿಲ್ದೆಯ ಊರಿನಲ್ಲಿ ನೀರಿಗಾಗಿ ಕಾಯಬೇಕಿತ್ತು, ಊರವರೆಲ್ಲ ಬಟ್ಟೆ ಒಗೆಯುವ ಮನೆಯ ಬಾಗಿಲಿಗೆ ಮೊಳೆ ಹೊಡೆದ ಹಾಳೆಯಲ್ಲಿ ಸರದಿ ಬರೆದಿರುತ್ತಿತ್ತು, ಗುರುವಾರ, ಎರಡೂವರೆಯಿಂದ ಮೂರೂಕಾಲು, ಬೆನಿಲ್ದೆ, ವಾರಕ್ಕೆ ಮುಕ್ಕಾಲು ಗಂಟೆ ಬೆಟ್ಟದ ನೀರೆಲ್ಲ ನಮ್ಮದು, ನೀರು ತೋಟಕ್ಕೆ ತಿರುಗಲೆಂದು ಕಾಲುವೆಗೆ ಅಡ್ಡವಾಗಿ ಕಪ್ಪು ಚಪ್ಪಡಿ ಇಳಿಸಿ ಸಂದಿಗೆ ಹುಲ್ಲುಹೆಂಟೆ ತುರುಕಿ ನಿಂತರೆ, ಮೊದಲು ಬರುವುದು ನೀರಲ್ಲ, ನೀರಿನ ನಾಲಗೆ, ಒಣ ಮಣ್ಣನ್ನು ಮೂಸುತ್ತ, ತರಗೆಲೆ, ಹುಲ್ಲುಕಡ್ಡಿ, ಗಾಬರಿಬಿದ್ದ ಇರುವೆಗಳನ್ನು ಮುಂದೆ ತಳ್ಳುತ್ತ, ಟೊಮೆಟೊ ಸಾಲು, ಬೀನ್ಸ್ ಸಾಲು, ಕೊನೆಗೆ ಆಲೂಗಡ್ಡೆ, ಸರದಿ ತಪ್ಪಿಸಿಕೊಂಡವನನ್ನು ಆ ಕುರ್ಚಿಗಳ ಸಾಲು ಚಳಿಗಾಲದವರೆಗೂ ಬಿಡುವುದಿಲ್ಲ, ನಲವತ್ತು ವರ್ಷದ ಹಿಂದೆ ಯಾರೋ ತಪ್ಪಿಸಿಕೊಂಡದ್ದನ್ನು ಅವನ ಮೊಮ್ಮಗನಿಗೆ ಈಗಲೂ ಹೇಳಿ ನಗುತ್ತಿದ್ದರು, ಅಂಥಲ್ಲಿ ನಾನು ಮಲಗಿಬಿಟ್ಟೆ. ಮೂರನೆಯ ಬೇಸಗೆ, ಆಕ್ರೋಟಿನ ಮರದ ಕೆಳಗೆ, ಎದೆಯ ಮೇಲೆ ಹಳದಿ ಪುಟದ ಕಾದಂಬರಿ, ಅದರೊಳಗೆ ಶೆರೀಫನು ಬಾಗಿಲು ತಳ್ಳುತ್ತಿದ್ದಾನೆ — ಎಚ್ಚರವಾದಾಗ ಮೂರೂವರೆ, ಓಡಿದೆ, ಓಡುತ್ತ ಸಂಜೆಯ ನಗುವೆಲ್ಲ ಕಿವಿಯಲ್ಲಿ, ಇಂಡಿಯಾದವನು ಮಲಗಿದನಂತೆ, ತೋಟಕ್ಕೆ ಬಂದು ನೋಡಿದರೆ ಕೊನೆಯ ಆಲೂಗಡ್ಡೆಯ ಸಾಲಿನವರೆಗೂ ಒದ್ದೆ, ಚಪ್ಪಡಿ ಆಗಲೇ ಮೇಲೆದ್ದು ಗೋಡೆಗೆ ಒರಗಿತ್ತು. ಯಾರೋ ನೆರೆಯವರು ಇರಬೇಕೆಂದುಕೊಂಡು ಮನೆಗೆ ಬಂದೆ, ಬೆನಿಲ್ದೆ ತನ್ನ ಕುರ್ಚಿಯಲ್ಲಿದ್ದಳು, ಮುಖ ಬಿಳಿಚಿತ್ತು, ಸೊಂಟದ ಮೇಲೆ ಕೈ, ಸಂಜೆ ಸಾಲಿನಲ್ಲಿ ಕುಳಿತು ಎಲ್ಲರಿಗೂ ಕೇಳುವಂತೆ ಹೇಳಿದಳು, ನಮ್ಮ ರಾಫಾ ಇವತ್ತು ಕಟ್ಟಕಡೆಯ ಗಿಡಕ್ಕೂ ನೀರು ಮುಟ್ಟಿಸಿದ, ನಾನು ಹೌದೆಂದು ತಲೆ ಆಡಿಸಿದೆ, ಆಮೇಲೆ ಪೊರಕೆ ತೆಗೆಯಲು ಹಿಂದಿನ ಮೆಟ್ಟಿಲ ಕೆಳಗೆ ಬಗ್ಗಿದಾಗ ಕಂಡವು, ಬೋರಲಾಗಿ ಇಟ್ಟ, ಅಂಚಿನವರೆಗೂ ಕೆಸರು ಮೆತ್ತಿದ, ಆಕೆ ಮನೆಯೊಳಗೆ ಮೆಟ್ಟುವ ಕಪ್ಪು ಬಟ್ಟೆಯ ಚಪ್ಪಲಿಗಳು, ಕೋಲೂರಿ ಹತ್ತು ಹೆಜ್ಜೆ ನಡೆಯಲಾರದವಳು ಆ ಇಳಿಜಾರು ಇಳಿದಿದ್ದಳು, ಚಪ್ಪಡಿ ಇಳಿಸಿ ಎತ್ತಿದ್ದಳು, ಮತ್ತೆ ಹತ್ತಿ ಬಂದಿದ್ದಳು. ಚಪ್ಪಲಿಗಳನ್ನು ಇದ್ದಂತೆಯೇ ಬೋರಲಾಗಿ ಬಿಟ್ಟು ಪೊರಕೆ ಮಾತ್ರ ತೆಗೆದುಕೊಂಡೆ. ಅಕ್ಟೋಬರಿನಲ್ಲಿ ಕಾಲಿನ ಚಕ್ರ ತಿರುಗಿತು, ಮುಂದಿನ ಬೇಸಗೆಗೆ ಬರುತ್ತೇನೆ ಎಂದು ಹೇಳಿ ಹೊರಟೆ, ಏಳು ಬೇಸಗೆಗಳಾದವು.

ಎರಡು ವರ್ಷದಿಂದ ಆಕೆ ಕೆಳಗಿನ ಪೇಟೆಯಲ್ಲಿ ವೃದ್ಧರ ಮನೆಯಲ್ಲಿದ್ದಾಳೆ, ತೋಟ ಮಾರಿಹೋಗಿದೆ, ಅವಳಿಗೆ ಗೊತ್ತಿಲ್ಲ, ನೆನಪು ಉಳಿದಲ್ಲಿ ಉಳಿದಿದೆ, ಹೋದಲ್ಲಿ ಹೋಗಿದೆ, ಆಕೆಯ ತಮ್ಮನ ಮಗಳು ನಿಯೆವೆಸ್ ಮೊದಲ ಸಲ ಫೋನು ಹಚ್ಚಿ ಅವಳ ಕೈಗೆ ಕೊಟ್ಟಾಗ ಕ್ಷೇಮಸಮಾಚಾರವಿಲ್ಲ, ಏನಿಲ್ಲ, ರಾಫಾ, ಬಂತೇ, ಎಂದಳು, ಯಾವುದು ಎಂದು ತಿಳಿಯುವ ಮುಂಚೆಯೇ ನನ್ನ ಬಾಯಿ ಹೇಳಿತ್ತು, ಬರುತ್ತಿದೆ ಬೆನಿಲ್ದೆ, ಟೊಮೆಟೊ ಸಾಲಿಗೆ ತಲುಪಿತು — ಅಂದಿನಿಂದ ಬೇಸಗೆಯ ಪ್ರತಿ ಗುರುವಾರ, ಅಲ್ಲಿ ಎರಡೂವರೆ, ಇಲ್ಲಿ ಮೂರೂವರೆ, ಈ ಮಂಚದ ಮೇಲೆ ಮಲಗಿ ಆ ತೋಟಕ್ಕೆ ನೀರು ಬಿಡುತ್ತೇನೆ, ಸಾಲಿನಿಂದ ಸಾಲಿಗೆ, ವಾರದಲ್ಲಿ ಆ ಅಷ್ಟು ಹೊತ್ತು ನಾನು ಎಲ್ಲಿಯೋ ಇರುವವನು, ಉಳಿದ ಹೊತ್ತು ಎಲ್ಲಿಂದಲೋ ಹೊರಟವನು. ಹೋದ ಗುರುವಾರ ಹನಿಗಳನ್ನು ಎಣಿಸುತ್ತ ಮಲಗಿದ್ದೆ, ನಲವತ್ತೋ ನಲವತ್ತೊಂದೋ, ಎದ್ದಾಗ ತಪ್ಪಿಹೋದ ಆರು ಕರೆಗಳು, ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ, ಇಂದು ಬೆಳಿಗ್ಗೆ ನಿಯೆವೆಸಳ ಧ್ವನಿಸಂದೇಶ, ಅವತ್ತು ನೀನು ಫೋನು ಎತ್ತಲಿಲ್ಲ, ಅತ್ತೆ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟಳು, ಹೆದ್ದಾರಿಯ ತಿರುವಿನಲ್ಲಿ ಒಬ್ಬ ಲಾರಿಯವನು ಕಂಡು ಕರೆತಂದ, ಕಾಲಲ್ಲಿ ಮನೆಯ ಚಪ್ಪಲಿ, ಎಲ್ಲಿಗೆ ಹೊರಟೆ ಅಂದರೆ ಹೇಳಿದಳಂತೆ, ಪಾಪ, ನಮ್ಮ ರಾಫಾ ಮಲಗಿಬಿಟ್ಟಿದ್ದಾನೆ, ನಾನೇ ಹೋಗಿ ಚಪ್ಪಡಿ ಇಳಿಸಬೇಕು, ಯಾರಿಗೂ ಹೇಳಬೇಡಿ — ಇದು ಇಷ್ಟಕ್ಕೇ ನಿಲ್ಲಬೇಕು ರಾಫಾ, ಇವತ್ತು ನಿಜ ಹೇಳು, ತೋಟವಿಲ್ಲವೆಂದು ಹೇಳು, ನೀನು ಹೇಳಿದರೆ ಮಾತ್ರ ನಂಬುತ್ತಾಳೆ. ಹೇಳಬೇಕು. ತೋಟ ಮಾರಿದ್ದಾರೆ, ಬೆನಿಲ್ದೆ. ಮೂರೇ ಪದ, ಬೆಳಗಿನಿಂದ ಬಾಯಿಪಾಠ ಮಾಡಿದ್ದೇನೆ, ಕಾದಂಬರಿಗಳಲ್ಲಿ ಇಂಥ ಮಾತಿಗೆ ಶೆರೀಫರು ಟೋಪಿ ತೆಗೆಯುತ್ತಿದ್ದರು, ಹನಿ, ಮತ್ತೊಂದು —

ಫೋನು. ರಾಫಾ, ಬಂತೇ, ಬಂತು ಬೆನಿಲ್ದೆ, ಎದ್ದಿದ್ದೇನೆ, ಇಲ್ಲಿಯೇ ನಿಂತಿದ್ದೇನೆ, ನಾಲಗೆ ಚಾಚಿತು, ಇರುವೆಗಳು ಓಡುತ್ತಿವೆ, ಟೊಮೆಟೊ ಆಯಿತು, ಬೀನ್ಸ್ ಆಯಿತು, ಅಝೀಝ್ ಮೊಬೈಲು ಎದೆಯ ಮೇಲಿಟ್ಟು ನನ್ನನ್ನೇ ನೋಡುತ್ತಿದ್ದಾನೆ, ಆಲೂಗಡ್ಡೆಯ ಕೊನೆಯ ಸಾಲು, ಈಗ ಹೇಳು, ಈಗ — ಬೆನಿಲ್ದೆ, ಇದು ಈ ವರ್ಷದ ಕೊನೆಯ ಸರದಿ, ಚಪ್ಪಡಿ ಎತ್ತಿದೆ, ಕಾಲುವೆಯನ್ನು ಹೊಳೆಗೆ ಬಿಟ್ಟೆ, ಇನ್ನು ನೀರು ಬರುವುದಿಲ್ಲ. ಆಗಸ್ಟಿನಲ್ಲೇ? ಹೌದು, ಮೇಲೆ ಬೆಟ್ಟದಲ್ಲಿ ಮುಗಿಯಿತು. ಅಲ್ಲಿಯ ಗೋಡೆ ಗಡಿಯಾರ ಕೇಳಿಸುತ್ತದೆ. ಟೊಮೆಟೊ? ಹಣ್ಣಾದವು, ಎಲ್ಲ ಕಿತ್ತಾಯಿತು, ಒಂದೂ ಉಳಿಸಲಿಲ್ಲ. ಮತ್ತೆ ಗಡಿಯಾರ, ನಾನು ಬಾಯಿಪಾಠ ಮಾಡದೆ ಇದ್ದ ಮಾತು ತಾನಾಗಿ ಹೊರಗೆ ಬರುತ್ತದೆ, ಆ ದಿನ ನಾನು ಮಲಗಿದ್ದೆ, ಬೆನಿಲ್ದೆ, ಮರದ ಕೆಳಗೆ. ಯಾವ ದಿನ, ಎನ್ನುತ್ತಾಳೆ, ಸಂಜೆಯ ಕುರ್ಚಿಗಳಿಗೆಲ್ಲ ಕೇಳುವಂತೆ, ನಮ್ಮ ರಾಫಾ ಯಾವತ್ತೂ ಸರದಿ ತಪ್ಪಿಸಿದವನಲ್ಲ, ಏನೋ ಸರಭರ, ನಿಯೆವೆಸ್ ಏನೋ ಅನ್ನುತ್ತಾಳೆ, ಆಮೇಲೆ ಬೆನಿಲ್ದೆಯ ಧ್ವನಿ, ದೂರ ಸರಿದು, ನಿರಾಳವಾಗಿ, ಹಾಗಾದರೆ ಈ ಚಪ್ಪಲಿ ಕಳಚುತ್ತೇನೆ — ಕೆಳಗೆ ಹಾರನ್, ಏಳನೆಯ ತಿರುವು, ಅಲ್ಲ, ಕಂಪನಿಯ ವ್ಯಾನು, ರಾಫೆಲಣ್ಣ, ಏಳಿ, ಬಂತು, ಎನ್ನುತ್ತಾನೆ ಅಝೀಝ್, ಇಷ್ಟು ಮೆಲ್ಲಗೆ ಅವನು ಮಾತಾಡಿದ್ದು ಕೇಳಿಲ್ಲ, ಬರುವ ಗುರುವಾರ ಮೂರೂವರೆಗೆ ನಾನು ನಿದ್ದೆ ಮಾಡಬಹುದು, ಅದರ ಮುಂದಿನ ಗುರುವಾರವೂ, ಯಾರೂ ಎದ್ದು ಹೊರಡುವುದಿಲ್ಲ, ಬಕೆಟ್ಟಿಗೆ ಒಂದು ಹನಿ, ಆ ಮೆಟ್ಟಿಲ ಕೆಳಗೆ ಬೋರಲಾಗಿ, ಕಪ್ಪು ಬಟ್ಟೆಯ ಆ ಚಪ್ಪಲಿಗಳು, ಅಂಚಿನ ಕೆಸರು ಇನ್ನೂ ಒಣಗಿಲ್ಲ.