ತಮ್ಮ ಮಾಡಿಸಿದ ಎರಡನೇ ಕೀಲಿ

ಸೂರ್ಯನ ಹೊಟ್ಟೆಯಲ್ಲಿ ನಡೆಯುವ ಕೆಲಸವನ್ನು ನನ್ನ ತಮ್ಮ ಒಂದು ಉಕ್ಕಿನ ಬಳೆಯೊಳಗೆ ಮಾಡಿಸಲು ಹೊರಟಿದ್ದ. ಯಂತ್ರದ ವಿನ್ಯಾಸ ಅವನದು, ಜೋಡಣೆ ನನ್ನ ಗಂಡನದು, ಇಬ್ಬರ ಜಗಳ ಬಿಡಿಸುವುದು ನನ್ನ ಪಾಲಿನ ಕರ್ಮ. ಬಳೆಯೊಳಗಿನ ಅನಿಲ ಪರಮಾಣುಗಳು ಬೆಸೆದುಕೊಳ್ಳುವಷ್ಟು ಬಿಸಿಯೇರಬೇಕಾದರೆ ಸುತ್ತಲಿನ ಸುರುಳಿಗಳಿಗೆ ಒಂದೇ ಏಟಿಗೆ ವಿದ್ಯುತ್ ನುಗ್ಗಬೇಕು. ಅದನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರುಗಳ ಸಾಲು ದಪ್ಪ ಗೋಡೆಯ ಆಚೆ, ಬಳೆಯ ಪಕ್ಕದಲ್ಲೇ ಇತ್ತು. ಆ ಹೊತ್ತಿನಲ್ಲಿ ಅಲ್ಲಿ ಮನುಷ್ಯನಿದ್ದರೆ ಅವನ ಕಥೆ ಮುಗಿಯಿತು.

ಅದಕ್ಕೇ ಒಂದು ಕಟ್ಟುಪಾಡು. ಒಳಗೆ ಹೋಗುವವರು ಗೋಡೆಯ ಈಚೆ ಇರುವ ನಿಯಂತ್ರಣ ಫಲಕದ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡೇ ಹೋಗಬೇಕು. ಕೀಲಿಯಿಲ್ಲದೆ ವಿದ್ಯುತ್ ತುಂಬುವುದಿಲ್ಲ. ಆದರೆ ನನ್ನ ಗಂಡ ಮರೆಗುಳಿ. ಕೀಲಿಯ ಸಮೇತ ಟೀ ಕುಡಿಯಲು ಹೋಗುತ್ತಿದ್ದರು, ಒಮ್ಮೆ ಮನೆಗೇ ಬಂದುಬಿಟ್ಟಿದ್ದರು. ಕೆಲಸ ನಿಂತಾಗಲೆಲ್ಲ ತಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾರಿಗೂ ಹೇಳದೆ ಇನ್ನೊಂದು ಕೀಲಿ ಮಾಡಿಸಿಟ್ಟುಕೊಂಡ.

ಅದು ನನಗೆ ಗೊತ್ತಾದದ್ದು ಆ ಮಧ್ಯಾಹ್ನ. ಒಳಗಿದ್ದ ಗಂಡ ಕೇಳಿದ ಬೋಲ್ಟು, ಸ್ಪ್ಯಾನರ್ ಹಿಡಿದು ಉಗ್ರಾಣದಿಂದ ಬಂದರೆ ಫಲಕದಲ್ಲಿ ಕೆಂಪು ದೀಪ ಹತ್ತಿತ್ತು, ವೋಲ್ಟ್‌ಮೀಟರಿನ ಮುಳ್ಳು ಏರುತ್ತಿತ್ತು. ಗಂಡನ ಜೇಬಿನಲ್ಲಿರಬೇಕಾದ ಕೀಲಿಯಂಥದ್ದೇ ಇನ್ನೊಂದು ಫಲಕದಲ್ಲಿತ್ತು, ತಮ್ಮ ಅದರ ಮುಂದೆ ನಿಂತಿದ್ದ.

"ನಿಲ್ಲಿಸೋ. ಭಾವ ಒಳಗಿದಾರೆ."

"ಎಲ್ಲಿ ಒಳಗೆ? ಟೀ ಕುಡಿಯೋಕೆ ಹೋಗಿರ್ತಾರೆ, ಕೀಲಿ ಜೇಬಲ್ಲಿ ಇಟ್ಕೊಂಡು. ಅವರ ಹಣೆಬರಹ ನಂಗೊತ್ತಿಲ್ವಾ ಅಕ್ಕ?"

"ನಾನೇ ಈಗ ಮಾತಾಡಿಸಿ ಬಂದೆ ಕಣೋ."

ನಾನು ನಿಲ್ಲಿಸುವ ಗುಂಡಿಗೆ ಕೈ ಹಾಕಿದೆ. ಅವನು ಅದರ ಮುಚ್ಚಳವನ್ನು ಮುಚ್ಚಿ ಅಂಗೈಯಿಂದ ಒತ್ತಿ ಹಿಡಿದ. "ಮಧ್ಯದಲ್ಲಿ ನಿಲ್ಲಿಸಿದ್ರೆ ಕೆಪಾಸಿಟರ್ ಸಿಡಿಯುತ್ತೆ. ಮೊದಲು ಕ್ಯಾಂಟೀನಿಗೆ ಫೋನ್ ಮಾಡು."

ನಾನು ಎತ್ತಿ ಆಡಿಸಿದ ತಮ್ಮ. ಸ್ಪ್ಯಾನರ್ ಎತ್ತಿ ಆ ಕೈಯ ಮೇಲೆ ಬಾರಿಸಿದೆ. ಮೂಳೆ ಮುರಿದ ಸದ್ದು ಕೇಳಿತು. ಅವನು ಕೈ ತೆಗೆಯಲಿಲ್ಲ, ಇನ್ನೊಂದು ಕೈಯಿಂದ ನನ್ನ ಕೂದಲು ಹಿಡಿದು ಮೇಜಿಗೆ ಮುಖ ಅಪ್ಪಳಿಸಿದ. ಬಾಯ್ತುಂಬ ರಕ್ತ. ಮತ್ತೆ ಹೊಡೆದೆ, ಅದೇ ಕೈಗೆ, ಬೆರಳುಗಳು ಹರಿದು ಜೋಲುವವರೆಗೆ. ಆಗ ಸಡಿಲವಾಯಿತು. ಮುಚ್ಚಳ ಎತ್ತಿ ಗುಂಡಿ ಒತ್ತಿದೆ.

ಅದೇ ಕ್ಷಣಕ್ಕೆ ಗೋಡೆಯಾಚೆ ಸಿಡಿಲು ಬಡಿದಂತಾಯಿತು. ಕಿಟಕಿಯ ಗಾಜು ಉದುರಿತು, ದೀಪಗಳು ಆರಿದವು. ಸುಟ್ಟ ತಾಮ್ರದ ವಾಸನೆ ಬಂತು. ತಮ್ಮ ನೆಲದ ಮೇಲೆ ಕೈ ಅವುಚಿಕೊಂಡು ಬಿದ್ದಿದ್ದ. ಅವನನ್ನು ದಾಟಿಕೊಂಡು ಬಾಗಿಲಿಗೆ ಓಡಿದೆ.

ಬಾಗಿಲು ಒಳಗಿನಿಂದಲೇ ತೆರೆಯಿತು. ಹುಬ್ಬು ಸುಟ್ಟು, ಎರಡೂ ಕಿವಿಯಿಂದ ರಕ್ತ ಸುರಿಯುತ್ತ ನನ್ನ ಗಂಡ ನಿಂತಿದ್ದರು. ಕೆಪಾಸಿಟರುಗಳ ಗುಂಯ್ ಸದ್ದು ಏರಿದ್ದೇ ಗೋಡೆಯಲ್ಲಿದ್ದ, ತುಂಬಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ಅರ್ಥಿಂಗ್ ಕೋಲನ್ನು ಕಿತ್ತು ಅವುಗಳ ಮೇಲೆ ಎಸೆದು ನೆಲಕ್ಕೆ ಬಿದ್ದಿದ್ದರಂತೆ. ನಾನು ಕೇಳಿದ ಸಿಡಿಲು ಅದರದ್ದೇ. ಅವರ ದೃಷ್ಟಿ ನನ್ನನ್ನು ದಾಟಿ ತಮ್ಮನ ಮೇಲೆ ಬಿತ್ತು.

"ಅಯ್ಯೋ, ಇವನಿಗೂ ಸಿಡಿದುಬಿಡ್ತಾ?" ಎಂದು ಗಟ್ಟಿಯಾಗಿ ಕೂಗಿ, ಕುಂಟುತ್ತ ಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಇವನೇ ನಿಮ್ಮನ್ನ ಕೊಲ್ತಿದ್ದ," ಎಂದೆ. ಕಿವಿಯ ಹತ್ತಿರ ಹೋಗಿ ಮತ್ತೆ ಹೇಳಿದೆ.

"ಏನೂ ಕೇಳಿಸ್ತಿಲ್ಲ ಕಣೆ. ಮೊದಲು ಮಗುವಿನ ಕೈಗೆ ಬಟ್ಟೆ ಕಟ್ಟು." ಅವರಿಗೆ ಅವನು ಇವತ್ತಿಗೂ ಮಗು.

ತಮ್ಮ ನನ್ನನ್ನೇ ನೋಡುತ್ತಿದ್ದ. ಕಣ್ಣಲ್ಲಿ ನೀರು, ತುಟಿಯ ಮೇಲೆ ಒಂದೇ ಮಾತು, "ಹೇಳ್ಬೇಡ ಅಕ್ಕ." ನಾನು ಬಟ್ಟೆ ಹರಿದು ಅವನ ಕೈಗೆ ಸುತ್ತಿದೆ. ಗಂಟು ಹಾಕಿ, ಎರಡು ತುದಿಯನ್ನೂ ಹಿಡಿದು, ನನ್ನ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ತಮ್ಮ ಕಿರುಚಿದ. ನನ್ನ ಗಂಡ ಅವನ ತಲೆ ಸವರುತ್ತಲೇ ಇದ್ದರು.