ಪಕ್ಕೀರವ್ವನ ಹೆಸರಿನ ಟ್ಯೂಬು

ಇದನ್ನು ಹೇಳಲು ಹೊರಟದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ನಾನು ವಿಜ್ಞಾನಿಯಲ್ಲ, ಡಾಕ್ಟರನೂ ಅಲ್ಲ. ಹಗಲು ಅಕ್ಕಿ ಗಿರಣಿಯಲ್ಲಿ ದುಡಿದು, ಸಂಜೆ ಕಾಲೇಜಿಗೆ ಹೋಗಿ, ಆರು ವರ್ಷಕ್ಕೆ ಡಿಗ್ರಿ ಮುಗಿಸಿದವನು. ಜೀನ್‌ಗಳ ಬಗ್ಗೆ ಇಲ್ಲಿ ಏನಾದರೂ ತಪ್ಪು ಬರೆದಿದ್ದರೆ ಅದು ನನ್ನ ತಿಳಿವಳಿಕೆಯ ತಪ್ಪು, ನನಗೆ ಹೇಳಿಕೊಟ್ಟ ದೀಪಿಕಾ ಮೇಡಂ ಅವರದಲ್ಲ. ಇಷ್ಟಾದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಡೆದದ್ದರಲ್ಲಿ ನನ್ನ ಕೈ ಇದೆ.

ಮೇಡಂ ತುಮಕೂರು ಕಡೆಯವರು. ಗಂಗಾವತಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಒಂದು ಅಧ್ಯಯನ ನಡೆಸುತ್ತಿದ್ದರು. ನಾನು ಅವರ ಸಹಾಯಕ. ಭತ್ತಕ್ಕೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ಆ ಎಣ್ಣಿ ಹೊಡೆದ ಮೇಲೆ ಗದ್ದೆಯ ಜೀವಗಳ ಒಳಗೆ ಏನಾಗುತ್ತದೆ ಎಂದು ನೋಡುವುದು ಅಧ್ಯಯನದ ವಿಷಯ. ಮೂರು ಜೀವಗಳನ್ನು ಆರಿಸಿದ್ದರು: ಭತ್ತದ ಎಲೆ, ಗದ್ದೆ ನೀರಿನ ಸಣ್ಣ ಮೀನು, ಅದೇ ನೀರಿನಲ್ಲಿ ನಿಂತು ಕಸ, ಅಂದರೆ ಕಳೆ, ತೆಗೆಯುವ ಹೆಂಗಸರು.

ಕೆಲಸಕ್ಕೆ ಸೇರಿದ ವಾರ ಮೇಡಂ ನನಗೆ ಹೇಳಿದ್ದು ಹೀಗೆ: "ಓಬಳೆಪ್ಪ ಅವರೇ, ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಎಲ್ಲ ಊರಿನ ದಾಖಲೆ ಇರುತ್ತೆ ಅಲ್ವಾ? ದಾಖಲೆ ಬದಲಾಗಲ್ಲ. ಆದರೆ ಒಂದು ಊರಿನ ನಕಲನ್ನ ಜನ ದಿನಾ ಕೇಳ್ತಿದ್ದಾರೆ ಅಂದರೆ ಅಲ್ಲಿ ಏನೋ ತಂಟೆ ಎದ್ದಿದೆ ಅಂತ ಅರ್ಥ. ಜೀನ್‌ಗಳೂ ಹಾಗೇ. ಮೈಗೆ ವಿಷ ಸೇರಿದರೆ, ಅದನ್ನ ಎದುರಿಸೋ ಜೀನ್‌ಗಳ ನಕಲು ಜಾಸ್ತಿ ಆಗುತ್ತೆ. ನಾವು ಎಣಿಸೋದು ಆ ನಕಲುಗಳನ್ನ."

ಎಲೆಯಲ್ಲೂ ಮೀನಿನಲ್ಲೂ ಮನುಷ್ಯರಲ್ಲೂ ವಿಷ ಎದುರಿಸುವ ಕೆಲವು ಜೀನ್‌ಗಳು ಒಂದೇ ಮೂಲದಿಂದ ಬಂದವಂತೆ. ಮೂರರಲ್ಲೂ ಅವುಗಳ ನಕಲು ಒಟ್ಟಿಗೆ ಏರುತ್ತದೆಯೇ ಎಂಬುದು ಮೇಡಂ ಅವರ ಪ್ರಶ್ನೆ. ಈ ನಕಲುಗಳ ಆಯಸ್ಸು ಬಹಳ ಕಡಿಮೆ. ಎಲೆ ಕಿತ್ತ ಕೂಡಲೇ, ಮೀನು ಹಿಡಿದ ಕೂಡಲೇ ಹೊಗೆಯಾಡುವ ತಣ್ಣನೆಯ ಡಬ್ಬಿಯಲ್ಲಿ ಹಾಕಬೇಕು. ರಕ್ತಕ್ಕೆ ಬೇರೆ ಟ್ಯೂಬು. ಅದರ ತಳದಲ್ಲಿರುವ ದ್ರವ ರಕ್ತವನ್ನು ಆ ಗಳಿಗೆಯಲ್ಲೇ ನಿಲ್ಲಿಸಿಬಿಡುತ್ತದೆ. ನರ್ಸ್ ರಕ್ತ ತೆಗೆಯುವರು. ಹೆಸರು ಕೂಗಿ, ಚೀಟಿ ಅಂಟಿಸಿ, ಪೆಟ್ಟಿಗೆಗೆ ಇಡುವುದು ನನ್ನ ಕೆಲಸ.

ಗಂಗಾವತಿ ಹತ್ತಿರದ ಮರಳಿ ಎಂಬ ಊರಿನಲ್ಲಿ ಹನುಮಂತಮ್ಮನ ಕೂಲಿ ಗ್ಯಾಂಗು ಒಪ್ಪಿತು. ಇಪ್ಪತ್ನಾಲ್ಕು ಹೆಂಗಸರು. ನಾಟಿಗೆ ಮುಂಚೆ ಒಮ್ಮೆ, ಎಣ್ಣಿ ಹೊಡೆದ ಮೇಲೆ ಕಸ ತೆಗೆಯುವಾಗ ಇನ್ನೊಮ್ಮೆ ರಕ್ತ ಕೊಡಬೇಕು. ಎರಡನ್ನೂ ಹೋಲಿಸಿ, ನಕಲು ಬಹಳ ಏರಿದವರನ್ನು ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಕಳಿಸಿ ಪರೀಕ್ಷೆ ಮಾಡಿಸುವುದಾಗಿ ಮೇಡಂ ಮಾತು ಕೊಟ್ಟರು. ಒಂದು ಸರದಿ ತಪ್ಪಿದರೂ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದೂ ಹೇಳಿದರು.

ಮೊದಲ ಸಲ ಹೋದಾಗ ಹನುಮಂತಮ್ಮ ಬದುವಿನ ಮೇಲಿಂದಲೇ ನನ್ನನ್ನು ಸೊಳ್ಳೆ ಮಾಡಿ ಕೂಗಿದಳು, "ಏ, ಗುಂಗಾಡು ಬಂತು ನೋಡ್ರೇ! ಕೈ ಮುಚ್ಕೊಳ್ರಿ!"

"ಬರೇ ಅರ್ಧ ಚಮಚ ಯಕ್ಕಾ," ಎಂದೆ.

"ಅರ್ಧ ಚಮಚ ಕುಡದು ಹೋಗೋ ಗುಂಗಾಡು ಎಲ್ಲೈತೋ ತಮ್ಮಾ? ಇವತ್ತು ಚಮಚ, ನಾಳಿ ಚರಿಗಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಮುಂಚೆ ತೋಳು ಚಾಚಿದವಳು ಪಕ್ಕೀರವ್ವ. ಐವತ್ತರ ಹತ್ತಿರದ, ಒಣಗಿದ ಹೆಂಗಸು. "ನನಗ ಊಟ ಸೇರಂಗಿಲ್ಲ ತಮ್ಮಾ, ಎದ್ದ್ರ ಕಣ್ಣಿಗೆ ಕತ್ತಲಿ ಬರ್ತೈತಿ. ನಮ್ಮ ಹುಡುಗ ಗ್ಯಾಸ್ ಆಗೈತಿ ಅಂತಾನ. ಕೊಪ್ಪಳಕ್ಕ ನನ್ನ ಮೊದಲ ಕಳಸ್ತೀರೇನು?" ಎಂದು ಕೇಳಿದಳು. ಹೆಸರು ಬಂದರೆ ಖಂಡಿತ ಎಂದೆ.

ಈಗ ಆ ಗ್ಯಾಂಗಿನ ಪದ್ಧತಿಯೊಂದನ್ನು ಹೇಳಬೇಕು. ನಾಟಿಗಾಗಲಿ ಕಸಕ್ಕಾಗಲಿ ಅವರಲ್ಲಿ ಸಾಲು ಖಾಲಿ ಬಿಡುವಂತಿಲ್ಲ. ಒಬ್ಬಳಿಗೆ ಜ್ವರ ಬಂದರೆ ಅವಳ ಮಗಳೋ ತಂಗಿಯೋ ಬಂದು ಅವಳ ಸಾಲಿನಲ್ಲಿ ನಿಲ್ಲುತ್ತಾಳೆ. ಆ ದಿನ ಅವಳನ್ನು ಕರೆಯುವುದೂ ಬರಬೇಕಾದವಳ ಹೆಸರಿನಿಂದಲೇ. ಇದರಲ್ಲಿ ಮೋಸವಿಲ್ಲ. ಬದಲಿ ಆಳು ಕೊಡುವುದು ಮನೆಯ ಮರ್ಯಾದೆ.

ಸೆಪ್ಟೆಂಬರಿನಲ್ಲಿ ಎಣ್ಣಿ ಹೊಡೆದ ಮೂರನೆಯ ದಿನ ಎರಡನೆಯ ಸರದಿ. ನರ್ಸ್ ಹೊಸಬರು, ಯಾರ ಮುಖವನ್ನೂ ಅರಿಯರು. ಗದ್ದೆಯಿಂದ ಘಾಟು ಇನ್ನೂ ಏಳುತ್ತಿತ್ತು. ನಾನು "ಪಕ್ಕೀರವ್ವ" ಎಂದು ಕೂಗಿದೆ. ಬಂದು ಕೂತವಳು ಸುಕನ್ಯಾ.

ಸುಕನ್ಯಾ ಪಕ್ಕೀರವ್ವನ ತಂಗಿಯ ಮಗಳು. ಗಂಗಾವತಿಯಲ್ಲಿ ಜಂಪರು ಹೊಲಿಯುತ್ತಾಳೆ. ನನ್ನ ಹೆಂಡತಿಯ ಜಂಪರುಗಳೂ ಅವಳ ಕೈಯವೇ. ಗದ್ದೆಗೆ ಇಳಿಯದೆ ಎರಡು ವರ್ಷವಾಗಿತ್ತು. ನನ್ನ ಮುಖ ನೋಡಿ, ಮೆಲ್ಲಗೆ, "ದೊಡ್ಡವ್ವ ನಿನ್ನೆ ಸಂಜಿಂದ ವಾಂತಿ ಮಾಡಾಕತ್ತಾಳ ಅಣ್ಣಾರ. ಏಳಾಕ ಆಗವಲ್ದು. ಹೆಸರು ಹೊಡದು ಹಾಕಬ್ಯಾಡ್ರಿ" ಎಂದಳು.

ನರ್ಸ್ ಸೂಜಿ ಹಿಡಿದು ಕಾಯುತ್ತಿದ್ದರು. ಹಿಂದೆ ಇನ್ನೂ ಹದಿನೇಳು ಜನ. ಮೇಡಂ ದೂರದಲ್ಲಿ ಮೊಣಕಾಲು ನೀರಿನಲ್ಲಿ ಮೀನು ಹಿಡಿಸುತ್ತಿದ್ದರು. ಹೋಗಿ ಹೇಳಬಹುದಿತ್ತು. ಪಟ್ಟಿಯಿಂದ ಹೆಸರು ಹೋದರೆ ಆ ಹೆಂಗಸಿಗೆ ಕೊಪ್ಪಳ ತಪ್ಪುತ್ತದೆ ಎಂದುಕೊಂಡೆ. ಒಂದು ಟ್ಯೂಬು ಕಡಿಮೆಯಾದರೆ ಮೇಡಂ ಬೇಸರಪಡುತ್ತಾರೆ ಎಂದೂ ಅನ್ನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ. ಪಕ್ಕೀರವ್ವನ ಹೆಸರಿನ ಚೀಟಿ ಅಂಟಿಸಿ ಟ್ಯೂಬನ್ನು ಪೆಟ್ಟಿಗೆಗೆ ಇಟ್ಟೆ.

ಜನವರಿ ಕೊನೆಗೆ ಫಲಿತಾಂಶ ಬಂತು. ಮೇಡಂ ಕಂಪ್ಯೂಟರಿನಲ್ಲಿ ಕೆಂಪು ನೀಲಿ ಚೌಕಗಳ ಒಂದು ಚಿತ್ರ ತೋರಿಸಿದರು. ಕೆಂಪು ಎಂದರೆ ನಕಲು ಏರಿದೆ, ನೀಲಿ ಎಂದರೆ ಏರಿಲ್ಲ. ಭತ್ತದ ಸಾಲು ಕೆಂಪು. ಮೀನಿನ ಸಾಲು ಇನ್ನೂ ಕೆಂಪು. ಹೆಂಗಸರ ಸಾಲುಗಳಲ್ಲಿ ಹೆಚ್ಚು ಕಡಿಮೆ ಎಲ್ಲ ಕಡೆ ಕೆಂಪಿತ್ತು. ಹನ್ನೊಂದು ಜನರದು ಕಡುಕೆಂಪು. ನಡುವೆ ಒಂದೇ ಒಂದು ಸಾಲು ಪೂರ್ತಿ ನೀಲಿ.

"ಈ ಏಳನೇ ನಂಬರ್ ನೋಡಿ. ಅದೇ ನೀರು, ಅದೇ ಔಷಧಿ, ಏನೂ ಆಗೇ ಇಲ್ಲ. ಇವರ ಮೈಯಲ್ಲಿ ಏನು ರಕ್ಷಣೆ ಇದೆಯೋ!" ಎಂದರು ಮೇಡಂ. ಅವರಿಗೆ ನಿಜವಾಗಿ ಸಂತೋಷವಾಗಿತ್ತು.

ಏಳನೇ ನಂಬರು ಪಕ್ಕೀರವ್ವ.  ಆಗಲೂ ಹೇಳಲಿಲ್ಲ.

ಮರುದಿನ ಕಾಗದ ಹಂಚಲು ಮರಳಿಗೆ ಹೋದೆ. ಹನ್ನೊಂದು ಜನರಿಗೆ ಕೊಪ್ಪಳದ ಚೀಟಿ, ಉಳಿದವರಿಗೆ ಆಸ್ಪತ್ರೆಗೆ ಕಳಿಸುವಷ್ಟು ಏರಿಕೆ ಕಂಡಿಲ್ಲ ಎಂಬ ಕಾಗದ. ಇದು ರೋಗದ ಪರೀಕ್ಷೆಯಲ್ಲ ಎಂದು ಕೆಳಗೆ ಅಚ್ಚಾಗಿತ್ತು. ಆ ಸಾಲನ್ನು ಯಾರೂ ಓದಲಿಲ್ಲ.

ಪಕ್ಕೀರವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಾಲು ಬಾತಿದ್ದವು. ಕಣ್ಣಿನ ಬಿಳಿಭಾಗ ಹಳದಿ, ನಮ್ಮ ಕಡೆ ಕಾಮಣಿ ಎನ್ನುವ ಕಾಮಾಲೆಯ ಹಾಗೆ. ಅವಳ ಮಗ ಹನುಮೇಶ ಕಾಗದ ಓದಿ ಹೇಳಿದ, "ಬೇ, ನಿನಗ ಏನೂ ಆಗಿಲ್ಲಂತ. ಮಷೀನ್ ಹೇಳೈತಿ. ಸುಮ್ನ ಹೆದರಸ್ತಿದ್ದಿ ನಮ್ಮನ್ನ."

"ಹೌದೇನೋ?" ಎಂದಳು ಅವಳು. ಒಂದು ಕ್ಷಣ ಪೆಚ್ಚಾದಂತೆ ಕಂಡಳು, ಆಮೇಲೆ ನಕ್ಕಳು. "ಹಂಗಾರ ಕಾಮಣಿ ಇರಬೇಕು ಬಿಡು. ಸೊಪ್ಪಿನ ರಸ ಹಾಕಿಸ್ಕೊಂಡ್ರ ಆತು."

ಹನುಮಂತಮ್ಮ ತನ್ನ ಚೀಟಿ ಮಡಿಸಿಕೊಳ್ಳುತ್ತ, "ಇದ್ಯಾವ ನ್ಯಾಯನೋ ಗುಂಗಾಡು? ಗುಂಡಕಲ್ಲಿನಂಗ ಇರೋ ನನ್ನ ಕೊಪ್ಪಳಕ್ಕ ಕಳಸ್ತಿ, ನಿಲ್ಲಾಕ ಬರದ ಈಕಿ ಛಲೋ ಅದಾಳ ಅಂತಿ. ನಿನ್ನ ಮಷೀನಿಗೆ ಕಾಮಣಿ ಆಗಿರಬೇಕು" ಎಂದಳು.

ಸುತ್ತ ಹದಿನೈದಿಪ್ಪತ್ತು ಜನ. ಅಲ್ಲಿ ಹೇಳಿದರೆ ಸುಕನ್ಯಾಳ ಹೆಸರು ಬೀದಿಗೆ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹನುಮೇಶನನ್ನು ಪಕ್ಕಕ್ಕೆ ಕರೆದು, "ಕಾಗದ ಏನರ ಇರಲಿ, ಒಮ್ಮೆ ಆಸ್ಪತ್ರಿಗೆ ತೋರಸ್ರಿ" ಎಂದೆ. "ನೀವ ತಂದು ಕೊಟ್ಟ ಕಾಗದ ನೀವ ನಂಬಂಗಿಲ್ಲೇನ್ರಿ?" ಎಂದು ನಕ್ಕ. ಉಳಿದ ಕಾಗದಗಳನ್ನು ಹಂಚಿ ಹೊರಟೆ.

ಗಂಗಾವತಿಗೆ ಬಂದವನೇ ಸುಕನ್ಯಾಳ ಅಂಗಡಿಗೆ ಹೋದೆ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ದೊಡ್ಡವ್ವಂದು ಛಲೋ ಬಂತಂತಲ್ರಿ ಅಣ್ಣಾರ. ಹನುಮೇಶ ಫೋನ್ ಮಾಡಿದ್ದ."

"ಅದು ನಿನ್ನ ರಕ್ತ, ಸುಕನ್ಯಾ."

"ಮನಿತನದ ರಕ್ತ ಒಂದ ಅಲ್ರಿ? ಆಕಿ ನಮ್ಮವ್ವನ ಒಡಹುಟ್ಟಿದಾಕಿ. ಜೀನ್ ಅಂದ್ರ ವಂಶದ್ದು ಅಂತ ನೀವ ಹೇಳಿದ್ರಂತ ಮೊದಲ ಸಲ, ದೊಡ್ಡವ್ವ ಅಂತಿದ್ಲು."

ನಾನು ಹೇಳಿದ್ದು ನಿಜ. ಹೆಂಗಸರಿಗೆ ಸುಲಭವಾಗಲಿ ಎಂದು ಅಷ್ಟಕ್ಕೇ ನಿಲ್ಲಿಸಿದ್ದೆ. ಜೀನ್‌ಗಳು ಮನೆತನದಿಂದ ಬರುತ್ತವೆ, ಆದರೆ ನಾವು ಎಣಿಸುವ ನಕಲುಗಳು ಆ ಮೈಯವು, ಆ ದಿನದವು, ಅವುಗಳಿಗೆ ಬದಲಿ ಆಳು ನಡೆಯುವುದಿಲ್ಲ ಎಂದು ಅವರಿಗೆ ಹೇಳಿರಲಿಲ್ಲ. ಈಗ ಹೇಳಲು ಬಾಯಿ ತೆರೆದೆ. ಮಷೀನಿನ ಸೂಜಿ ಅವಳ ಬೆರಳ ಹತ್ತಿರ ಓಡುತ್ತಿತ್ತು. "ಹಂಗಲ್ಲವ್ವ..." ಎಂದೆ. ಅಷ್ಟರಲ್ಲಿ ಗಿರಾಕಿ ಬಂದರು. ಹೊರಟುಬಂದೆ.

ಹನ್ನೆರಡು ದಿನ ಹೀಗೇ ಕಳೆದೆ. ಬೆಳಗ್ಗೆ ಹೇಳಬೇಕೆಂದು ಹೊರಡುವುದು, ಸಂಜೆ ಹೇಳದೆ ಬರುವುದು. ಹದಿಮೂರನೆಯ ದಿನ ಮೇಡಂ ಏಳನೇ ನಂಬರಿನ ಮೇಲೆ ಪ್ರತ್ಯೇಕ ಲೇಖನ ಬರೆಯಬೇಕೆಂದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ.

ಅವರು ಡಬ್ಬಿ ಮುಚ್ಚಿದರು. "ನಿಮಗೆ ಯಾವಾಗಿಂದ ಗೊತ್ತು?"

"ಸೆಪ್ಟೆಂಬರದಿಂದ, ಮೇಡಂ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಆಯಮ್ಮ ಈಗ ಹೇಗಿದ್ದಾರೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅರ್ಧ ಗಂಟೆಯಲ್ಲಿ ಗಾಡಿ ಹಿಡಿದು ಮರಳಿಗೆ ಹೋದೆವು.

ಪಕ್ಕೀರವ್ವ ಚಾಪೆಯ ಮೇಲಿದ್ದಳು. ಹೊಟ್ಟೆ ಉಬ್ಬಿತ್ತು. ಮಾತು ತಡವರಿಸುತ್ತಿತ್ತು. ಮೇಡಂ ಅವಳ ಕಣ್ಣರೆಪ್ಪೆ ಎತ್ತಿ ನೋಡಿ, ಹನುಮೇಶನ ಕಡೆ ತಿರುಗಿ, "ಆ ಕಾಗದ ತಪ್ಪು. ಅದು ನಿಮ್ಮ ತಾಯಿಯದಲ್ಲ" ಎಂದರು. ಅವನು ನನ್ನನ್ನು ನೋಡಿದ. ಆಮೇಲೆ ಬಾಗಿ ತಾಯಿಯನ್ನು ಎತ್ತಿಕೊಂಡ.

ಗಾಡಿಯಲ್ಲಿ ಅವಳು ಒಮ್ಮೆ ಕಣ್ಣು ತೆರೆದು, "ಕೊಪ್ಪಳಕ್ಕೇನೋ ತಮ್ಮಾ?" ಎಂದಳು. ಹೌದು ಯಕ್ಕಾ ಎಂದೆ. "ನನ್ನ ಹೆಸರು ಬಂತಾ?" ಎಂದಳು. ಅದಕ್ಕೂ ಹೌದು ಎಂದೆ.

ಆರನೆಯ ದಿನ ತೀರಿಕೊಂಡಳು. ಲಿವರ್ ಪೂರ್ತಿ ಹೋಗಿತ್ತು ಎಂದರು ಡಾಕ್ಟರು. ಎಣ್ಣಿಯಿಂದಲೇ ಎಂದು ಬರೆಯಲು ಆಗುವುದಿಲ್ಲ, ಚಿಕ್ಕಂದಿನಲ್ಲಿ ಯಾವಾಗಲೋ ಆದ ಕಾಮಾಲೆಯೂ ಇರಬಹುದು, ಬೇರೆ ಕಾರಣವೂ ಇರಬಹುದು ಎಂದರು. ಮೊದಲೇ ತಂದಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಕೇಳಿದೆ. "ಎಷ್ಟು ಮೊದಲು?" ಎಂದರು. ಹನ್ನೆರಡು ದಿನ ಎನ್ನಲೋ ನಾಲ್ಕೈದು ತಿಂಗಳು ಎನ್ನಲೋ ತಿಳಿಯಲಿಲ್ಲ.

ಮಣ್ಣು ಮಾಡಿದ ದಿನ ಸುಕನ್ಯಾ ನನ್ನ ಹತ್ತಿರ ಬಂದಳು. ಅತ್ತು ಮುಖ ಊದಿತ್ತು. "ಅಣ್ಣಾರ, ನಾ ಕೊಟ್ಟ ರಕ್ತದಿಂದ ಏನರ ಆತೇನ್ರಿ?"

"ಇಲ್ಲವ್ವ," ಎಂದೆ. "ಚೀಟಿ ಅಂಟಿಸಿದಾತ ನಾನು."

ಅವಳಿಗೆ ಎಷ್ಟು ಅರ್ಥವಾಯಿತೋ. ತಲೆಯಾಡಿಸಿ ಹೆಂಗಸರ ಗುಂಪಿಗೆ ಹೋದಳು.

ಮೇಡಂ ಏಳನೇ ಸಾಲನ್ನು ಅಧ್ಯಯನದಿಂದ ತೆಗೆದರು. ನಂತರ ಎಲ್ಲರ ಮೊದಲ ಮತ್ತು ಎರಡನೆಯ ರಕ್ತವನ್ನು ಹೋಲಿಸಿ ನೋಡಿದರು. ಅವು ಒಬ್ಬರದೇ ಹೌದೋ ಅಲ್ಲವೋ ಎಂದು ಜೀನ್‌ಗಳ ಅಕ್ಷರಗಳಿಂದಲೇ ತಿಳಿಯುತ್ತದಂತೆ, ಅವು ಒಬ್ಬೊಬ್ಬರಲ್ಲಿ ಸ್ವಲ್ಪ ಬೇರೆಯಂತೆ. ಇನ್ನೂ ಎರಡು ಹೆಸರಿನಲ್ಲಿ ಹೊಂದಿಕೆಯಾಗಲಿಲ್ಲ. ಆ ಇಬ್ಬರನ್ನೂ ಕೊಪ್ಪಳಕ್ಕೆ ಕಳಿಸಿದ್ದಾಯಿತು. ಬದಲಿಗೆ ಬಂದವರು ಯಾರು ಎಂದು ಗ್ಯಾಂಗಿನಲ್ಲಿ ಕೇಳಿದೆ. ಹನುಮಂತಮ್ಮ ನನ್ನ ಕಡೆ ನೋಡದೆ, "ಸಾಲು ಖಾಲಿ ಇರಲಿಲ್ಲ, ಅಷ್ಟ ನನಗ ಗೊತ್ತು" ಎಂದಳು. ಈಗ ಅವಳು ನನ್ನನ್ನು ಗುಂಗಾಡು ಎಂದು ಕರೆಯುವುದಿಲ್ಲ.

ಎಣ್ಣಿಯೇ ಪಕ್ಕೀರವ್ವನನ್ನು ಕೊಂದಿತೋ ನನಗೆ ಗೊತ್ತಿಲ್ಲ. ನಾನು ಮೊದಲೇ ಬಾಯಿ ಬಿಟ್ಟಿದ್ದರೆ ಬದುಕುತ್ತಿದ್ದಳೋ ಅದೂ ಗೊತ್ತಿಲ್ಲ. ಸೆಪ್ಟೆಂಬರಿನ ಆ ದಿನ ಅವಳ ಮೈಯಲ್ಲಿ ಯಾವ ಜೀನಿನ ನಕಲು ಎಷ್ಟು ಏರಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ಆ ದಿನ ಅವಳ ರಕ್ತವನ್ನು ಯಾರೂ ತೆಗೆಯಲಿಲ್ಲ.