ಗಿಲಾವು ಕೆತ್ತಿದ ಗೋಡೆ

ಹಸಿ ಸುಣ್ಣದ ವಾಸನೆಗೆ ಮಲಕವ್ವನಿಗೆ ಎಚ್ಚರವಾಯಿತು. ಮುಖಕ್ಕೆ ನೀರು ಹಾಕುವ ಮೊದಲೇ ಹೊರಗೆ ಬಂದು ಓಣಿಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದಳು. ಕಲ್ಲುಗುಂಡಿ ಹಸೆಗೆ ಕೂತ ಮದುಮಗಳಂತೆ ಮಿಂಚುತ್ತಿತ್ತು. ರಾಜಗೋಪಾಲನಗರ ಮುಗಿದು ಹಳೆಯ ಕ್ವಾರಿಯ ಹಳ್ಳ ಶುರುವಾಗುವಲ್ಲಿ ಅಂಟಿಕೊಂಡಿರುವ ಈ ಕೇರಿಗೆ ಹುಟ್ಟಿದಾಗಿನಿಂದ ಇಂಥ ಕಳೆ ಬಂದಿರಲಿಲ್ಲ. ಹಳೆಯ ಸುಣ್ಣ ಉದುರಿ ಬ್ಲಾಕುಕಲ್ಲು ಕಾಣುತ್ತಿದ್ದ ಗೋಡೆಗಳಿಗೆಲ್ಲ ಸಿಮೆಂಟಿನ ಹೊಸ ಗಿಲಾವು, ಅದರ ಮೇಲೆ ಸುಣ್ಣ, ಹೊಸ್ತಿಲಿಗೆ ಕೆಮ್ಮಣ್ಣು, ತೂತು ಬಿದ್ದ ತಗಡಿನ ಮೇಲೆ ಹೊಸ ನೀಲಿ ತಾಡಪಾಲು.

ಅಷ್ಟಾದರೂ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಬಾಗಿಲ ಮುಂದಿನ ಚಪ್ಪಲಿ ಸಾಲಾಗಿಟ್ಟಳು, ಇನ್ನೊಂದರ ಮುಂದಿನ ಕೋಳಿ ಓಡಿಸಿದಳು. ಇವತ್ತು ಹೈಕೋರ್ಟಿನ ಕಡೆಯವರು ಬರುವ ದಿನ.

ದಸರೆ ಮುಗಿದ ವಾರ, ಕ್ವಾರಿಯ ಜಾಗ ಸರ್ಕಾರದ್ದು, ಖಾಲಿ ಮಾಡಿ ಎಂದು ಇಲಾಖೆಯ ಎಂಜಿನಿಯರು ಜೆಸಿಬಿ ತಂದು ನಿಲ್ಲಿಸಿದ್ದ. ಸವಿತಾ ಎಂಬ ವಕೀಲೆ ಓಡಾಡಿ ತಡೆಯಾಜ್ಞೆ ತಂದಿದ್ದರು. ಹಳಬರಾದರೆ ಬೇರೆ ನೆಲೆ ತೋರಿಸದೆ ಒಂದು ಕಲ್ಲನ್ನೂ ಕೀಳುವಂತಿಲ್ಲ ಎಂಬುದು ಸವಿತಾರ ವಾದ. ಇಲ್ಲಿ ಹಳಬರು ಯಾರೂ ಇಲ್ಲ, ಎಲ್ಲ ಮೊನ್ನೆ ಮೊನ್ನೆ ಎದ್ದ ಶೆಡ್ಡುಗಳು ಎಂಬುದು ಇಲಾಖೆಯ ಉತ್ತರ. ಹಳಬರೆಂದು ತೋರಿಸಲು ಕಾಗದ ಯಾರ ಬಳಿಯಿತ್ತು? ರೇಷನ್ನು, ಓಟು ಎಲ್ಲ ರಾಯಚೂರು, ಮಧುಗಿರಿ ಕಡೆಯ ಊರುಗಳಲ್ಲೇ ಉಳಿದಿದ್ದವು. ಹೋಗಿ ಕಣ್ಣಾರೆ ನೋಡಿ ವರದಿ ಕೊಡಿ ಎಂದು ನ್ಯಾಯಾಲಯ ಒಬ್ಬ ಹಿರಿಯ ವಕೀಲರನ್ನು ಕಮಿಷನರಾಗಿ ನೇಮಿಸಿತ್ತು. ಅವರು ಹೊಸದು ಎಂದು ಬರೆದರೆ ತಡೆಯಾಜ್ಞೆ ಹೋಗುತ್ತದೆ. ಅದು ಹೋದ ದಿನವೇ ಕೆಲಸ ಮುಗಿಸಲೆಂದು ಜೆಸಿಬಿ ಓಣಿಯ ಬಾಯಿಗೆ ಮೂತಿಯಿಟ್ಟುಕೊಂಡು ನಿಂತೇ ಇತ್ತು.

ಜೆಸಿಬಿ ಬಂದ ದಿನ ಎಂಜಿನಿಯರು ಮೂಗಿಗೆ ಕರ್ಚೀಫು ಹಿಡಿದು, "ಇದೇನು ಮನೇನಾ, ಹಂದಿಗೂಡಾ?" ಎಂದಿದ್ದ. ಮಲಕವ್ವ ಆ ಮಾತನ್ನು ನುಂಗಿದ್ದಳು, ಅದು ಗಂಟಲಿಂದ ಕೆಳಗಿಳಿದಿರಲಿಲ್ಲ. ಕಮಿಷನರು ಬರುತ್ತಾರೆ, ಎಲ್ಲರೂ ಮನೆಯಲ್ಲಿರಿ ಎಂದು ಸವಿತಾ ಫೋನಿನಲ್ಲಿ ಹೇಳಿದಾಗ ಅವಳಿಗೆ ನೆನಪಾದದ್ದು ತಾನು ಬುಟ್ಟಿ ಹೊತ್ತ ಅಪಾರ್ಟ್‌ಮೆಂಟ್ ಸೈಟುಗಳು. ಅಲ್ಲಿ ಓನರು ಬರುತ್ತಾರೆಂದರೆ ಹಿಂದಿನ ದಿನ ಬಿರುಕು ಮುಚ್ಚಬೇಕು, ಕಲೆ ಒರೆಸಬೇಕು, ಬಣ್ಣ ಬಳಿಯಬೇಕು. ನೋಡಲು ಬರುವವರ ಎದುರು ಹಳೆಯದು ಕಾಣಬಾರದು. ಅಲ್ಲಿನ ಮೇಸ್ತ್ರಿಗಳು ಬೈದು ಬೈದು ಕಲಿಸಿದ ಪಾಠ ಅದು. ಅದನ್ನೇ ಅವಳು ಓಣಿಗೆಲ್ಲ ಕಲಿಸಿದಳು. ಅವಳ ಅಕ್ಕನ ಮಗ ಹನುಮೇಶ ಗಾರೆ ಕೆಲಸದವನು. ಅವನೂ ಅವನ ಜೊತೆಯವರೂ ಸೈಟಿನಲ್ಲಿ ಉಳಿದ ಸಿಮೆಂಟು ತಂದು ರಾತ್ರಿ ಹಗಲೆನ್ನದೆ ಮೆತ್ತಿದ್ದರು. "ಕೋರ್ಟಿನ ಮಂದಿ ಬಂದ್ರ, ನಾವೂ ಮನಷ್ಯಾರು ಅಂತ ಕಾಣ್ಬೇಕು" ಎಂದು ಮಲಕವ್ವ ಪ್ರತಿ ಬಾಗಿಲಲ್ಲೂ ನಿಂತು ಹೇಳಿದ್ದಳು. ಪಕ್ಕದ ಮನೆಯ ಭದ್ರಮ್ಮ ಮಧುಗಿರಿ ಕಡೆಯ ಮುದುಕಿ. ಅವಳಿಗಂತೂ ಗದರಿ, ತುಕ್ಕು ಹಿಡಿದ ತಗಡಿನ ಬಾಗಿಲನ್ನು ಗುಜರಿಗೆ ಹಾಕಿಸಿ, ಬೇರೆ ಬಾಗಿಲು ಕೂರಿಸಿದ್ದಳು.

ಸವಿತಾರ ಸ್ಕೂಟರು ಓಣಿಗೆ ತಿರುಗಿದ್ದೇ ನಿಂತುಬಿಟ್ಟಿತು. ಅವರು ಹೆಲ್ಮೆಟ್ಟು ತೆಗೆದವರು ಅದನ್ನು ಕೈಯಲ್ಲೇ ಹಿಡಿದು ನಿಂತರು.

"ಬರ್ರೀ ಮೇಡಂ," ಮಲಕವ್ವ ಸೆರಗು ಸರಿಮಾಡಿಕೊಂಡು ಓಡಿದಳು. "ಹ್ಯಾಂಗ ಕಾಣಾಕತ್ತೈತಿ ನಮ್ಮ ಓಣಿ?"

"ಏನ್ ಮಾಡ್ಬಿಟ್ರಿ ಮಲಕವ್ವಾ?"

"ಯಾಕ್ರೀ? ಚೊಲೋ ಆಗಿಲ್ಲೇನು?"

"ನಂಬರ್ ಎಲ್ಲಿ? ಜನಗಣತಿಯವ್ರು ಗೋಡೆ ಮೇಲೆ ಬರೆದಿದ್ದ ನಂಬರು? ಪೋಲಿಯೋದವ್ರ ಗುರುತು? ಕೋರ್ಟಿಗೆ ಫೋಟೋ ಕೊಟ್ರೆ, ಅದು ಯಾವ ಗೋಡೆನೋ ಅಂದ್ರು ಇಲಾಖೆಯವ್ರು. ಅದಕ್ಕೇ ತಾನೇ ಕಮಿಷನರ್ ಬರ್ತಿರೋದು! ಇದನ್ನ ನೋಡಿ ಯಾರಾದ್ರೂ ಹಳೇ ಮನೆ ಅಂತಾರಾ?"

ಮಲಕವ್ವ ತನ್ನ ಗೋಡೆಯನ್ನು ನೋಡಿದಳು. ಅದು ಬೆಳ್ಳಗೆ, ನುಣ್ಣಗೆ, ಯಾರದೋ ಮನೆಯ ಗೋಡೆಯಂತಿತ್ತು. "ನಾನ ಅಂದಿದ್ನಿ," ಎಂದಳು. "ಎಲ್ಲಾರಿಗೂ ನಾನ ಹಚ್ಚಿಸಿದ್ನಿ."

ಅಷ್ಟರಲ್ಲಿ ಕಮಿಷನರ ಕಾರು ಬಂತು, ಅದರ ಹಿಂದೆಯೇ ಇಲಾಖೆಯ ಜೀಪು.

ಕಮಿಷನರು ಬಿಳಿ ಮೀಸೆಯ, ನಿಧಾನದ ಮನುಷ್ಯ. ಓಣಿಯನ್ನು ಒಮ್ಮೆ ನೋಡಿ ಹುಬ್ಬೇರಿಸಿದರು. ಎಂಜಿನಿಯರಿಗಂತೂ ಕೂತಲ್ಲಿಗೇ ಹಾಲು ಹಣ್ಣು ಬಂದಂತಾಗಿತ್ತು. ಈ ಸಲ ಕರ್ಚೀಫು ಜೇಬಿನಲ್ಲೇ ಉಳಿಯಿತು.

"ನೋಡಿ ಸಾರ್, ನಾನು ಹೇಳೋದೇ ಬೇಡ. ಸಿಮೆಂಟು ಇನ್ನೂ ಒಣಗಿಲ್ಲ. ಸ್ಟೇ ಸಿಕ್ತು ಅಂತ ಬಿಲ್ಡಿಂಗೇ ಎಬ್ಬಿಸ್ಬಿಟ್ಟಿದ್ದಾರೆ."

ಕಮಿಷನರು ಮಲಕವ್ವನ ಗೋಡೆಯ ಮೇಲೆ ಬೆರಳಾಡಿಸಿದರು. ಬೆರಳು ಬೆಳ್ಳಗಾಯಿತು. "ಇದು ಯಾವಾಗ ಕಟ್ಟಿದ್ದಮ್ಮಾ?"

"ನನ್ನ ಗಂಡ ಇದ್ದಾಗ ಕಟ್ಟಿದ್ದ್ರೀ ಸಾಹೇಬ್ರ. ಆಗ ಈ ಕ್ವಾರ್‍ಯಾಗ ಕಲ್ಲು ಒಡೀತಿದ್ರು. ಇದು ಮ್ಯಾಗಿಂದು ಅಷ್ಟ ಹೊಸಾದು. ನೀವು ಬರ್ತೀರಂತ ಬಳದೀವ್ರಿ."

"ನಾನು ಬರ್ತೀನಿ ಅಂತ ಸಿಮೆಂಟು ಮೆತ್ತಿದ್ರಾ?" ಅವರ ದನಿಯಲ್ಲಿ ಕುಹಕವಿರಲಿಲ್ಲ, ನಂಬಿಕೆಯೂ ಇರಲಿಲ್ಲ. "ನಾನು ಕಂಡದ್ದನ್ನ ಬರೀಬೇಕಮ್ಮ. ಕೇಳಿದ್ದನ್ನಲ್ಲ."

ಅವರು ಪೆನ್ನು ತೆಗೆದರು. ಸವಿತಾ ಒಳಗೆ ಗುರುತುಗಳಿವೆ ಸಾರ್ ಎನ್ನುತ್ತಿದ್ದರು, ಎಂಜಿನಿಯರು ಅವರ ಮಾತಿನ ಮೇಲೆ ಮಾತು ಹೇರುತ್ತಿದ್ದ. ಮಲಕವ್ವನ ಕಿವಿಗೆ ಯಾವುದೂ ಬೀಳಲಿಲ್ಲ. ಅವಳು ಹನುಮೇಶನ ಚೀಲಕ್ಕೆ ಕೈಹಾಕಿ ಸುತ್ತಿಗೆ, ಉಳಿ ಎಳೆದಳು.

"ಚಿಗವ್ವಾ, ಬ್ಯಾಡ! ಒಳಗ ಬ್ಲಾಕು ಸಡಲ ಅದಾವ. ಗ್ವಾಡಿನ ಕುಸದು ಕುಂಡ್ರತೈತಿ!" ಹನುಮೇಶ ಅಡ್ಡ ಬಂದ.

"ಕುಂಡ್ರಲಿ ಬಿಡೋ. ಅವರ ಕೈಲೆ ಬೀಳೂದಕ್ಕಿಂತ ನನ್ನ ಕೈಲೆ ಬೀಳ್ಲಿ."

ಮೊದಲ ಏಟಿಗೆ ಸುಣ್ಣ ಹಾರಿತು. ಎರಡನೆಯದಕ್ಕೆ ಗಿಲಾವು ಬಿರಿಯಿತು. ಜೀವಮಾನವೆಲ್ಲ ಬೇರೆಯವರ ಗೋಡೆಗಳಿಗೆ ಸಿಮೆಂಟು ಹೊತ್ತವಳು ತನ್ನದೇ ಗೋಡೆಯನ್ನು ಹಲ್ಲು ಕಚ್ಚಿ ಕೆತ್ತತೊಡಗಿದಳು. ಜೆಸಿಬಿಯ ಡ್ರೈವರು ಸೀಟಿನಿಂದಲೇ ಕೂಗಿದ: "ಅಕ್ಕಾ, ನಮ್ ಕೆಲ್ಸ ನೀವೇ ಮಾಡ್ತಿದ್ದೀರಲ್ಲಾ! ನಮ್ಗೆ ಡೀಸೆಲ್ ಉಳೀತು ಬಿಡಿ!"

"ನೀ ಇಳದು ಬಾರೋ ತಮ್ಮಾ, ಕೂಲಿ ಕೊಡ್ತೀನಿ!" ಮಲಕವ್ವ ತಿರುಗಿಯೂ ನೋಡಲಿಲ್ಲ.

"ಸಾರ್, ಕಮಿಷನ್ ಮುಂದೇನೇ ಸ್ಥಳ ಬದಲಾಯಿಸ್ತಿದ್ದಾರೆ. ಇದನ್ನ ಬರ್ಕೊಳ್ಳಿ," ಎಂದ ಎಂಜಿನಿಯರು.

"ಬರ್ಕೊಳ್ತೀನಿ. ಸುಮ್ಮನಿರಿ," ಎಂದರು ಕಮಿಷನರು. ಅವರ ಕಣ್ಣು ಗೋಡೆಯ ಮೇಲಿತ್ತು.

ಅಂಗೈ ಅಗಲದ ಗಿಲಾವು ಗಾಯದ ಹೆಕ್ಕಳಿಕೆಯಂತೆ ಕಳಚಿ ಬಿತ್ತು. ಒಳಗೆ ಹಳೆಯ ನೀಲಿ ಸುಣ್ಣ, ಅದರಡಿ ಹಸಿರು. ಹಸಿರಿನ ಮೇಲೆ ಯಾವುದೋ ಚುನಾವಣೆಯ ಗೋಡೆಚಿತ್ರದ ಅರ್ಧ, ಓಟು ಬೇಡುತ್ತ ಮುಗಿದ ಎರಡು ಕೈಗಳು. ಮಲಕವ್ವ ಅದರ ಮೇಲೆ ಉಳಿಯಿಟ್ಟು ತೋರಿಸಿದಳು. "ನಮ್ಮ ಓಟು ಇಲ್ಲಿ ಇರಲಿಲ್ರೀ. ನಮ್ಮ ಗ್ವಾಡಿ ಮಾತ್ರ ಬೇಕಾಗಿತ್ತು ಇವರಿಗೆ." ಇನ್ನೂ ಕೆಳಗೆ ಕೆತ್ತಿದಳು. ಕಪ್ಪು ಎಣ್ಣೆ ಬಣ್ಣ ಕಂಡಿತು. ಸೀರೆಯ ಸೆರಗಿನಿಂದ ಒರೆಸಿದಳು. ಹಿಂದಿನ ಜನಗಣತಿಯ ಮನೆ ಸಂಖ್ಯೆ ಒಂದೊಂದೇ ಅಂಕಿಯಾಗಿ ಹೊರಬಂತು.

"ಇದನ್ನ ನಾನು ಬರದೀನೇನ್ರಿ? ಸರಕಾರದ ಮಾಸ್ತರ ಬಂದು ಬರದಾನ. ಎಷ್ಟ ಮಂದಿ ಅದೀರಿ, ಕಕ್ಕಸ ಐತೇನು, ಟಿವಿ ಐತೇನು ಅಂತ ಕೇಳ್ಯಾನ. ಎಣಸೂವಾಗ ಇದ್ವಿ, ಒಡಿಯೂವಾಗ ಇಲ್ಲೇನ್ರಿ?"

ಕಮಿಷನರು ಬಗ್ಗಿ ನೋಡಿದರು, ಫೋಟೋ ತೆಗೆಸಿದರು, ಬರೆದರು. ಅದೇ ಹೊತ್ತಿಗೆ ಹನುಮೇಶ ಹೇಳಿದ್ದು ನಿಜವಾಯಿತು. ಗಿಲಾವಿನ ಹಿಡಿತ ತಪ್ಪಿದ ಬ್ಲಾಕುಗಳು ಸಂಖ್ಯೆಯ ಪಕ್ಕದಲ್ಲೇ ಕಳಚಿ ಒಳಗೆ ಬಿದ್ದವು. ನೀರಿನ ಕೊಡ ನೆಗ್ಗಿತು. ಮಲಕವ್ವ ಆ ಕಡೆ ಕತ್ತು ಹೊರಳಿಸಲಿಲ್ಲ.

ಆಮೇಲೆ ಓಣಿಯೇ ಗುಲ್ಲೆದ್ದಿತು. ಸುತ್ತಿಗೆ ಇದ್ದವರು ಸುತ್ತಿಗೆ, ಇಲ್ಲದವರು ಒರಳುಕಲ್ಲಿನ ಗುಂಡು, ಕುಡುಗೋಲು, ಸೌಟು ಹಿಡಿದರು. ಮೊನ್ನೆ ಮೆತ್ತಿದ ಕೈಗಳೇ ಕೆತ್ತತೊಡಗಿದವು. ಧೂಳಿನಲ್ಲಿ ಕೆಮ್ಮುತ್ತ ಕಮಿಷನರು ಮನೆಯಿಂದ ಮನೆಗೆ ನಡೆದರು. ಎಂಜಿನಿಯರನ ಕರ್ಚೀಫು ಮತ್ತೆ ಮೂಗಿಗೆ ಬಂತು.

ಭದ್ರಮ್ಮನ ಮನೆಯ ಮುಂದೆ ಅವರು ನಿಂತಾಗ ಮುದುಕಿ ಗೋಡೆಯನ್ನು ಬ್ಲಾಕಿನವರೆಗೂ ಕೆರೆದಿದ್ದಳು. ಏನೂ ಇರಲಿಲ್ಲ. ಅವಳು ಇನ್ನೂ ಕೆರೆಯುತ್ತಲೇ ಇದ್ದಳು, ಉಗುರಿನಿಂದ.

"ನಂದು ಬಾಗ್ಲು ಮ್ಯಾಲೆ ಬರ್ದಿದ್ರು ಸಾಮಿ," ಎಂದಳು. "ಅಳೇ ತಗಡಿನ ಬಾಗ್ಲು. ಗುಜ್ರಿಗೆ ಆಕ್ಬಿಟ್ಟೆ." ಯಾರು ಹಾಕಿಸಿದರೆಂದು ಹೇಳಲಿಲ್ಲ. ಮಲಕವ್ವನ ಮುಖವನ್ನೂ ನೋಡಲಿಲ್ಲ. ಮಲಕವ್ವನಿಗೆ ಅದೇ ಚುಚ್ಚಿತು.

"ಇಲ್ಲಿ ಗುರುತಿಲ್ಲ," ಎಂದು ಎಂಜಿನಿಯರು ಮೆಲ್ಲಗೆ ಜ್ಞಾಪಿಸಿದ.

ಮಲಕವ್ವ ನಡುವೆ ನುಗ್ಗಿದಳು. "ಸಾಹೇಬ್ರ, ಆ ತಗಡ ಕಿತ್ತಿಸಿದಾಕಿ ನಾನು. ಈಕಿ ಬ್ಯಾಡ ಅಂದ್ಲು, ನಾ ಬೈದು ಕಿತ್ತಿಸಿದ್ನಿ. ತಪ್ಪು ನಂದು. ಮನಿ ಯಾಕ ಈಕಿದು ಹೋಗ್ಬೇಕ್ರಿ? ಇಲ್ಲಿ ನೋಡ್ರಿ, ಈಕಿಗೆ ಈ ಕಡೆ ಗ್ವಾಡಿನ ಇಲ್ಲ. ನನ್ನ ಗ್ವಾಡಿನ ಈಕಿ ಗ್ವಾಡಿ. ಈಕಿ ಜಂತಿ ನನ್ನ ಗ್ವಾಡ್ಯಾಗ ಹುಗದಾರ. ನನ್ನ ಗ್ವಾಡಿ ಹಳೇದು ಅಂತ ಈಗ ಬರ್ಕೊಂಡ್ರಿ. ಅದನ್ನ ಹಿಡ್ಕೊಂಡು ನಿಂತ ಮನಿ ಹ್ಯಾಂಗ ಹೊಸಾದು ಆದೀತು?"

ಕಮಿಷನರು ಕತ್ತೆತ್ತಿದರು. ಎರಡು ಮನೆಗಳ ನಡುವಿನ ಒಂದೇ ಗೋಡೆಯನ್ನು, ಅದರೊಳಗೆ ಹುಗಿದು ಹೊಗೆಗೆ ಕರ್ರಗಾದ ಜಂತಿಯ ತಲೆಯನ್ನು ಬಹಳ ಹೊತ್ತು ನೋಡಿದರು. ಏನೋ ಬರೆದರು. ಏನು ಬರೆದರೆಂದು ಸವಿತಾ ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ.

"ನೋಡಿದ್ದನ್ನ ಬರ್ದಿದೀನಿ," ಎಂದರು ಕಾರು ಹತ್ತುವಾಗ. "ಮುಂದಿನದು ಕೋರ್ಟಿಗೆ ಬಿಟ್ಟದ್ದು. ಅಲ್ಲಿವರೆಗೂ ಸ್ಟೇ ಇರುತ್ತೆ." ಕೊನೆಯ ಮಾತನ್ನು ಎಂಜಿನಿಯರನತ್ತ ತಿರುಗಿ ಹೇಳಿದರು.

ಜೀಪು ಹೋಯಿತು. ಜೆಸಿಬಿ ಹೋಗಲಿಲ್ಲ.

ಹೊತ್ತು ಇಳಿದಾಗ ಹನುಮೇಶ ಬಾಣಲೆಯಲ್ಲಿ ಸಿಮೆಂಟು ಕಲಸಿಕೊಂಡು ಬಂದ. "ಆ ಕಡೆ ಸರಿ ಚಿಗವ್ವಾ, ತೂತು ಮುಚ್ಚತೀನಿ. ಗಾಳಿ ಹೊಡಿತೈತಿ."

"ಮುಟ್ಟಿದ್ರ ಕೈ ಮುರೀತೀನಿ. ಕೋರ್ಟು ಹೇಳೂತನಾ ಅದು ಹಂಗ ಇರ್ಲಿ. ನಾಳೆ ಮತ್ತ ಯಾರರ ನೋಡಾಕ ಬಂದ್ರ?"

"ಮಳಿ ಬಂದ್ರ?"

"ತೊಯ್ಸಿಕೊಂತೀನಿ."

ಹನುಮೇಶ ಬಾಣಲೆ ಹಿಡಿದು ನಿಂತ. ಕಲಸಿದ ಸಿಮೆಂಟು ಬಿಗಿಯುವುದಕ್ಕೆ ಮೊದಲು ಎಲ್ಲಾದರೂ ಬಳಸಲೇಬೇಕು. ಮಲಕವ್ವ ಭದ್ರಮ್ಮನ ಮನೆಯತ್ತ ಕೈ ತೋರಿಸಿದಳು. ಮುದುಕಿ ಕೆರೆದ ಗೋಡೆಯಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ, ಅದನ್ನಾದರೂ ಮುಚ್ಚಬಹುದಿತ್ತು. "ಬರೇ ಕೆರದಿದ್ದಷ್ಟ ಮುಚ್ಚು," ಎಂದಳು. "ನುಣ್ಣಗ ಮಾಡಬ್ಯಾಡ."

ಆಮೇಲೆ ಒಳಗೆ ಬಂದು ನೆಗ್ಗಿದ ಕೊಡವನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಯ ತೂತಿಗೆ ಎದುರಾಗಿ ಕೂತಳು. ತೂತಿನ ಅಂಚಿಗೆ ಕಪ್ಪು ಅಂಕಿಗಳಿದ್ದವು. ತೂತಿನಾಚೆ, ಓಣಿಯ ಬಾಯಲ್ಲಿ, ಹಳದಿ ಯಂತ್ರದ ಕೈ ಮಡಚಿಕೊಂಡು ಕಾಯುತ್ತಿತ್ತು. ಅವಳು ಕೊಡದ ಒಳಗೆ ಮುಷ್ಟಿ ತೂರಿಸಿ, ನೆಗ್ಗಿದ ಕಡೆ ಗುದ್ದತೊಡಗಿದಳು. ಕಣ್ಣನ್ನು ಮಾತ್ರ ಅತ್ತ ಕಡೆಯಿಂದ ತೆಗೆಯಲಿಲ್ಲ.